ನಿಂತ ಬುಲೆಟ್‌ನ ನೀಲಿ ಹೊಗೆ: ಬೋರ್ ಮಾಡಿಸುವ ಮೊದಲು, ಆಯಿಲ್ ಯಾವಾಗ ನೋಡಿದಿರಿ ಹೇಳಿ

ನಿಮ್ಮ ಪ್ರಶ್ನೆಯ ಒಂದೇ ಸಾಲು ನನಗೆ ಸಾಕಾಯಿತು: "ತಿಂಗಳಿಡೀ ನಿಂತಿದ್ದ ಹಳೆಯ ಬುಲೆಟ್ 350, ಕಿಕ್ ಹೊಡೆಯುವ ಮೊದಲು ನೋಡಿದರೆ ಆಯಿಲ್ ಕಡ್ಡಿಗೇ ಹತ್ತಲಿಲ್ಲ, ಅರ್ಧ ಲೀಟರ್ ಸುರಿದೆ, ಸ್ಟಾರ್ಟ್ ಮಾಡಿದರೆ ರಾಶಿ ನೀಲಿ ಹೊಗೆ." ಬೋರ್ ಮಾಡಿಸಲೇ (ಸವೆದ ಸಿಲಿಂಡರನ್ನು ಕೊರೆದು ಅಗಲಿಸಿ ದೊಡ್ಡ ಪಿಸ್ಟನ್ ಕೂರಿಸುವುದು), ಇನ್ನೂ ದಪ್ಪ ಆಯಿಲ್ ಹಾಕಲೇ, ಇಲ್ಲ ಮಾರಿಬಿಡಲೇ ಎಂದು ಕೇಳಿದ್ದೀರಿ. ಮೂರೂ ಬೇಡ. ಮೆಕ್ಯಾನಿಕ್ ಮೋಸ ಮಾಡುತ್ತಿದ್ದಾನೆಯೇ ಎಂಬ ಅನುಮಾನವನ್ನೂ ಸ್ವಲ್ಪ ಬದಿಗಿಡಿ. ನೀವು ಅವನಿಗೆ ಏನು ಹೇಳಿದಿರಿ ಎಂಬುದೇ ಇಲ್ಲಿ ಮುಖ್ಯ.

ನನ್ನದೂ ಎರಕದ ಕಬ್ಬಿಣದ ಬ್ಯಾರಲ್ (ಪಿಸ್ಟನ್ ಓಡಾಡುವ ಸಿಲಿಂಡರ್) ಇರುವ ಹಳೆಯ 350. ಒಂದು ಕಾಫಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಒಬ್ಬರಿಂದ ಕೊಂಡದ್ದು. ನಾನು ಬೆಂಗಳೂರಿನಲ್ಲಿ, ಗಾಡಿ ತೀರ್ಥಹಳ್ಳಿ ಕಡೆಯ ಊರಿನಲ್ಲಿ. ಮಳೆಗಾಲ ಹಿಡಿಯಿತೆಂದರೆ ಕೊಟ್ಟಿಗೆಯ ಪಕ್ಕದ ಮಾಡಿನಲ್ಲಿ ಗೋಣಿ ಹೊದ್ದು ನಿಂತಿರುತ್ತಿತ್ತು. ಚೌತಿಗೆ ಊರಿಗೆ ಹೋದಾಗ ಅದನ್ನು ಎಬ್ಬಿಸುವುದೇ ನನಗೆ ಹಬ್ಬ. ಎಬ್ಬಿಸಿದಾಗಲೆಲ್ಲ ನೀಲಿ ಹೊಗೆ. ಬಾಳೆಗಿಡಗಳ ನಡುವೆ ಅದು ನಿಧಾನವಾಗಿ ಹರಡುವುದನ್ನು ನೋಡಿ ಅಮ್ಮ, "ಕೊಟ್ಟಿಗೆಗೆ ಸೊಳ್ಳೆಹೊಗೆ ಹಾಕುವ ಕೆಲಸ ತಪ್ಪಿತು" ಎನ್ನುತ್ತಿದ್ದಳು. ಒಂದೆರಡು ನಿಮಿಷ ಹಾಗೆ ಉಗುಳಿ, ಆಮೇಲೆ ಏನೂ ಆಗಿಲ್ಲವೆಂಬಂತೆ ಸೈಲೆನ್ಸರ್ ಸ್ವಚ್ಛ. ಇಡೀ ದಿನ ಓಡಿಸಿದರೂ ಹೊಗೆಯ ಸುಳಿವಿಲ್ಲ.

ಆ ಕೊನೆಯ ಮಾತೇ ರೋಗದ ಹೆಸರು ಹೇಳುತ್ತಿತ್ತು. ನಾನು ಕೇಳಿಸಿಕೊಳ್ಳಲಿಲ್ಲ.

ನಾನು ಮಾಡುತ್ತಿದ್ದದ್ದು ಅಕ್ಷರಶಃ ನೀವು ಮಾಡಿದ್ದೇ. ಗೋಣಿ ತೆಗೆಯುವುದು, ಸೀಟಿನ ಧೂಳು ಒರೆಸುವುದು, ಜವಾಬ್ದಾರಿಯುಳ್ಳ ಮಾಲೀಕನಂತೆ ಆಯಿಲ್ ಮುಚ್ಚಳ ತಿರುಗಿಸಿ ಕಡ್ಡಿ ನೋಡುವುದು. ಕಡ್ಡಿ ಒಣಗಿರುತ್ತಿತ್ತು. ಆಯಿಲ್ ಇಲ್ಲದೆ ಎಂಜಿನ್ ಓಡಿಸುವುದುಂಟೇ? ಡಬ್ಬಿ ತಂದು, ಮೇಲಿನ ಗೆರೆ ಮುಟ್ಟುವವರೆಗೆ ಸುರಿದು, ಆಮೇಲೆ ಕಿಕ್. ಹೊಗೆ. ಸ್ವಲ್ಪ ದೂರ ಹೋಗುವುದರೊಳಗೆ ಎಂಜಿನ್ ಒಳಗಿನ ಗಾಳಿ ಹೊರಹೋಗುವ ಬ್ರೀದರ್ ಪೈಪಿನಿಂದ ಆಯಿಲ್ ಉಕ್ಕಿ ಚೈನು, ಹಿಂದಿನ ರಿಮ್ಮು, ಒಮ್ಮೆ ನನ್ನ ಹಬ್ಬದ ಪಂಚೆಯ ಅಂಚೂ ಕಪ್ಪು. ಮುಂದಿನ ಸಲ ಬಂದು ನೋಡಿದರೆ ಕಡ್ಡಿ ಮತ್ತೆ ಒಣಗಿದೆ. ಮತ್ತೆ ಸುರಿದೆ. ಇಷ್ಟು ಸಾಲದೆಂದು ಸುರಿದದ್ದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದೆ.

ಆ ಪುಸ್ತಕ ಹಿಡಿದು ಪೇಟೆಯ ಗ್ಯಾರೇಜಿಗೆ ಹೋಗಿ, "ನೋಡಿ, ಇಷ್ಟು ಆಯಿಲ್ ಕುಡಿಯುತ್ತದೆ, ನೀಲಿ ಹೊಗೆ ಬಿಡುತ್ತದೆ, ಬ್ರೀದರ್‌ನಿಂದ ಕಾರುತ್ತದೆ" ಎಂದೆ. ಇಷ್ಟು ಕೇಳಿದ ಯಾವ ಮೆಕ್ಯಾನಿಕ್ ಆದರೂ ಪಿಸ್ಟನ್ ಸುತ್ತ ಆಯಿಲ್ ತಡೆಯುವ ರಿಂಗ್ ಸವೆದಿದೆ, ಬೋರ್ ಮಾಡಿಸಿ ಎನ್ನುತ್ತಾನೆ. ಅವನೂ ಅದನ್ನೇ ಹೇಳಿದ. ಅವನದು ತಪ್ಪಲ್ಲ, ಸುಳ್ಳು ಸಾಕ್ಷಿ ಹೇಳಿದವನು ನಾನು. ಬ್ಯಾರಲ್ ಲೇತಿಗೆ ಹೋಯಿತು, ಓವರ್‌ಸೈಜ್ ಪಿಸ್ಟನ್ ಬಂತು, ಹೊಸ ರಿಂಗ್, ಹೊಸ ಗ್ಯಾಸ್ಕೆಟ್, ಹೊಸ ವಾಲ್ವ್ ಗೈಡ್ (ವಾಲ್ವಿನ ಕಡ್ಡಿ ಜಾರುವ ಕೊಳವೆ). ಆ ವರ್ಷದ ಬೋನಸ್ ಅಲ್ಲಿಗೆ ಮುಗಿಯಿತು. ಹೊಸ ಭಾಗಗಳು ಪಳಗುವ ರನ್ನಿಂಗ್ ಇನ್ ಎಂದು ಗಂಟೆಗೆ ನಲವತ್ತು ಕಿಲೋಮೀಟರ್ ದಾಟದೆ, ಹಿಂದಿನ ಬಸ್ಸುಗಳ ಹಾರನ್ ಕೇಳುತ್ತಾ ಓಡಿಸಿದೆ. ಮುಂದಿನ ಮಳೆಗಾಲ ಕಳೆದು ಗೋಣಿ ತೆಗೆದಾಗ ಹೊಗೆ ಹಾಗೆಯೇ ಇತ್ತು.

ಶಿವಮೊಗ್ಗದಲ್ಲಿ ಹಳೆಯ ಬುಲೆಟ್ ಮಾತ್ರ ಮುಟ್ಟುವ ಹಿರಿಯ ಮೇಸ್ತ್ರಿಯೊಬ್ಬರಿದ್ದರು. ಹೇಗೋ ಅವರಲ್ಲಿಗೆ ಹೋದೆ. ನನ್ನ ಪುಸ್ತಕವನ್ನು ಅವರು ತೆರೆಯಲೂ ಇಲ್ಲ. "ಆಯಿಲ್ ನೋಡುವುದು ಗಾಡಿ ಓಡಿಸುವ ಮೊದಲೋ, ಓಡಿಸಿ ಬಂದ ಮೇಲೋ?" ಎಂದು ಕೇಳಿದರು. ಮೊದಲು ಎಂದೆ. "ಗಾಡಿ ಇಲ್ಲೇ ಬಿಟ್ಟು ಹೋಗಿ, ನಾನು ಹೇಳಿ ಕಳಿಸಿದಾಗ ಬನ್ನಿ" ಎಂದರು. ಕೆಲವು ವಾರ ಬಿಟ್ಟು ಹೋದಾಗ ಕಿಕ್ಕರ್ ಮುಟ್ಟದೆ, ಎಂಜಿನ್ ಕೆಳಗೆ ಒಂದು ಅಲ್ಯೂಮಿನಿಯಂ ಬೋಗುಣಿ ಇಟ್ಟು ಕ್ರ್ಯಾಂಕ್‌ಕೇಸಿನ (ಕ್ರ್ಯಾಂಕ್ ತಿರುಗುವ ಕೋಣೆಯ) ಆಯಿಲ್ ಇಳಿಸುವ ಡ್ರೇನ್ ಪ್ಲಗ್ ತಿರುಗಿಸಿದರು. ಒಂದಿಷ್ಟು ಹನಿ ಬೀಳಬೇಕಾದ ಜಾಗದಿಂದ ಧಾರೆಯೇ ಇಳಿಯಿತು. ಅರ್ಧ ಬೋಗುಣಿಗೂ ಮೇಲೆ. "ಇಗೊಳ್ಳಿ, ನಿಮ್ಮ ಎಂಜಿನ್ ಕುಡಿದ ಆಯಿಲ್" ಎಂದರು.

ಒಳಗೆ ನಡೆಯುವುದು ಇದು. ಈ ಹಳೆಯ ಎಂಜಿನ್‌ಗಳದು ಡ್ರೈ ಸಂಪ್ ವ್ಯವಸ್ಥೆ. ಸುಮಾರು ಎರಡು ಲೀಟರ್ ಆಯಿಲ್ ಕ್ರ್ಯಾಂಕ್ ತಿರುಗುವ ಕೋಣೆಯಲ್ಲಿ ಇರುವುದಿಲ್ಲ. ಅದೇ ಎರಕದಲ್ಲಿ ಹಿಂಬದಿಗೆ ಮಾಡಿದ ಬೇರೆ ಟ್ಯಾಂಕಿನಲ್ಲಿ ಇರುತ್ತದೆ. ನೀವು ಕಡ್ಡಿ ಅದ್ದಿ ನೋಡುವುದು ಆ ಟ್ಯಾಂಕನ್ನು ಮಾತ್ರ. ಟೈಮಿಂಗ್ ಕವರಿನಲ್ಲಿ ಎರಡು ಪಂಪುಗಳಿವೆ. ಒಂದು ಟ್ಯಾಂಕಿನಿಂದ ಎಳೆದು ಬಿಗ್ ಎಂಡ್‌ಗೆ, ಅಂದರೆ ಕನೆಕ್ಟಿಂಗ್ ರಾಡ್ ಕ್ರ್ಯಾಂಕಿಗೆ ಸೇರುವ ಬೇರಿಂಗಿಗೆ, ಕೊಡುತ್ತದೆ. ಇನ್ನೊಂದು ಕ್ರ್ಯಾಂಕ್‌ಕೇಸಿನ ತಳದಲ್ಲಿ ಸೇರಿದ್ದನ್ನು ಎತ್ತಿ ಟ್ಯಾಂಕಿಗೆ ಮರಳಿಸುತ್ತದೆ. ಪಂಪಿನ ಡಿಸ್ಕನ್ನು ಸ್ಪ್ರಿಂಗ್ ಒಂದು ಲೋಹದ ಮುಖಕ್ಕೆ ಒತ್ತಿ ಹಿಡಿದಿರುತ್ತದೆ. ನಡುವೆ ರಬ್ಬರ್ ಇಲ್ಲ, ಲೋಹಕ್ಕೆ ಲೋಹವೇ ಬಿರಡೆ. ವರ್ಷಗಳ ಓಟದಲ್ಲಿ ಆ ಮುಖದ ಮೇಲೆ ಗೆರೆ ಬೀಳುತ್ತದೆ. ಗಾಡಿ ನಿಂತಾಗ ಟ್ಯಾಂಕಿನ ಆಯಿಲ್ ತನ್ನ ಭಾರಕ್ಕೆ ತಾನೇ ಆ ಗೆರೆಗಳ ಮೂಲಕ ಜಿನುಗಿ ಕ್ರ್ಯಾಂಕ್ ಕೋಣೆಗೆ ಇಳಿಯುತ್ತದೆ. ಒಂದು ರಾತ್ರಿಯಲ್ಲಿ ಗೊತ್ತಾಗದು, ಒಂದು ತಿಂಗಳಲ್ಲಿ ಟ್ಯಾಂಕ್ ಬರಿದಾಗಬಹುದು. ಹೊರಗೆ ಒಂದು ಹನಿಯೂ ಸೋರಿರುವುದಿಲ್ಲ. ಇದಕ್ಕೆ ವೆಟ್ ಸಂಪಿಂಗ್ ಎನ್ನುತ್ತಾರೆ. ಈಗ ಕಿಕ್ ಹೊಡೆದರೆ ಫ್ಲೈವೀಲ್‌ಗಳು ಆಯಿಲ್ ಕೊಳದಲ್ಲಿ ತಿರುಗಿ ಅದನ್ನು ಬ್ಯಾರಲ್‌ಗೆ ಎರಚುತ್ತವೆ. ಎಂಥ ಹೊಸ ರಿಂಗ್ ಇದ್ದರೂ ಅಷ್ಟೊಂದು ಆಯಿಲ್ ಒರೆಸಲಾರದು, ದಾಟಿದ್ದು ಉರಿದು ನೀಲಿ ಹೊಗೆಯಾಗುತ್ತದೆ. ಮರಳಿಸುವ ಪಂಪಿನ ಸಾಮರ್ಥ್ಯ ಕೊಡುವ ಪಂಪಿಗಿಂತ ಹೆಚ್ಚು. ಆದ್ದರಿಂದ ಒಂದೆರಡು ನಿಮಿಷದಲ್ಲಿ ಕೊಳ ಖಾಲಿಯಾಗಿ ಹೊಗೆ ನಿಲ್ಲುತ್ತದೆ.

ಈಗ ನಿಮ್ಮ ಅರ್ಧ ಲೀಟರಿನ ಗತಿ ಯೋಚಿಸಿ. ಇದನ್ನು ನಾನು ಎಷ್ಟು ಸಲ ಹೇಳಿದರೂ ನನಗೆ ಸಾಲದು, ಯಾಕೆಂದರೆ ನನ್ನ ಬೋನಸ್ ಹೋದದ್ದು ಇಲ್ಲೇ. ಟ್ಯಾಂಕ್ ಬರಿದಾಗಿ ಕಂಡಾಗ ಆಯಿಲ್ ಎಲ್ಲಿಗೂ ಹೋಗಿರಲಿಲ್ಲ, ಪಕ್ಕದ ಕೋಣೆಯಲ್ಲಿತ್ತು. ನೀವು ಬರಿದಾದ ಕೋಣೆಗೆ ಹೊಸದನ್ನು ತುಂಬಿದಿರಿ. ಎಂಜಿನ್ ಎದ್ದಾಗ ಪಂಪ್ ಹಳೆಯದನ್ನೂ ತಂದು ಅದೇ ಟ್ಯಾಂಕಿಗೆ ಸುರಿಯಿತು. ಜಾಗ ಸಾಲದೆ ಹೆಚ್ಚಿನದು ಬ್ರೀದರ್‌ನಿಂದ ಹೊರಬಿತ್ತು. ಹೊರಬಿದ್ದದ್ದು ನಿಮ್ಮ ಡಬ್ಬಿಯ ಅರ್ಧ ಲೀಟರೇ ಹೊರತು ಎಂಜಿನ್ ಸುಟ್ಟದ್ದಲ್ಲ. ಮುಂದಿನ ತಿಂಗಳು ಮತ್ತೆ ಟ್ಯಾಂಕ್ ಬರಿದು, ಮತ್ತೆ ಸುರಿತ, ಮತ್ತೆ ಉಕ್ಕುವುದು. ಲೆಕ್ಕದ ಪುಸ್ತಕದಲ್ಲಿ ಮಾತ್ರ ಎಂಜಿನ್ ಕುಡುಕನಾಗುತ್ತಾ ಹೋಗುತ್ತದೆ. ಹೊಗೆ ಎಂಬ ಒಂದೇ ಲಕ್ಷಣವಿದ್ದದ್ದಕ್ಕೆ ಆಯಿಲ್ ಖರ್ಚು, ಬ್ರೀದರ್ ಉಗುಳು ಎಂಬ ಇನ್ನೆರಡು ಲಕ್ಷಣಗಳನ್ನು ನಾನೇ ಕೈಯಾರೆ ತಯಾರಿಸಿ ಕೊಟ್ಟಿದ್ದೆ. ಮೂರೂ ಸೇರಿದರೆ ಸವೆದ ರಿಂಗಿನ ಪಾಠದಂತೆಯೇ ಕಾಣುತ್ತದೆ.

ಆದ್ದರಿಂದ ಈ ಗಾಡಿಯಲ್ಲಿ ಆಯಿಲ್ ನೋಡಬೇಕಾದದ್ದು ಐದಾರು ಕಿಲೋಮೀಟರ್ ಓಡಿಸಿ ಬಂದು, ಒಂದೆರಡು ನಿಮಿಷ ಬಿಟ್ಟು, ಸೆಂಟರ್ ಸ್ಟ್ಯಾಂಡ್ ಹಾಕಿ. ಆಗ ಕಂಡದ್ದೇ ನಿಜವಾದ ಮಟ್ಟ. ತಿಂಗಳುಗಟ್ಟಲೆ ನಿಂತ ಗಾಡಿಯಾದರೆ, ಮೊದಲು ಕ್ರ್ಯಾಂಕ್‌ಕೇಸಿನ ಡ್ರೇನ್ ಪ್ಲಗ್ ಬಿಚ್ಚಿ ಬಂದದ್ದನ್ನು ಚೊಕ್ಕ ಪಾತ್ರೆಯಲ್ಲಿ ಹಿಡಿಯಿರಿ, ಶುದ್ಧವಾಗಿದ್ದರೆ ಸೋಸಿ ಟ್ಯಾಂಕಿಗೇ ಹಾಕಿ. ಟ್ಯಾಂಕಿನ ಪ್ಲಗ್ ಬೇರೆ, ಇದು ಬೇರೆ. ಗೊತ್ತಿಲ್ಲದಿದ್ದರೆ ಗೊತ್ತಿರುವವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಅಷ್ಟು ವ್ಯವಧಾನ ಇಲ್ಲವೆಂದರೆ ಸಿಲಿಂಡರಿನ ಒತ್ತಡ ಬಿಡಿಸುವ ಡಿಕಂಪ್ರೆಷನ್ ಲಿವರ್ ಹಿಡಿದು, ಇಗ್ನಿಷನ್ ಆಫ್ ಇಟ್ಟು ನಿಧಾನವಾಗಿ ಹತ್ತಿಪ್ಪತ್ತು ಸಲ ಕಿಕ್ ಒತ್ತಿ. ಸ್ವಲ್ಪವಾದರೂ ಟ್ಯಾಂಕಿಗೆ ಮರಳುತ್ತದೆ. ಕಾಲಿಗೆ ವಿಪರೀತ ಬಿಗಿ ಎನ್ನಿಸಿದರೆ ಮೈಭಾರ ಹಾಕಿ ಜಗ್ಗಬೇಡಿ, ಪ್ಲಗ್ ಬಿಚ್ಚಿ ಆಯಿಲ್ ಇಳಿಸಿ.

ನಿಮ್ಮದು ವೆಟ್ ಸಂಪಿಂಗೇ ಎಂದು ನಾನು ಇಲ್ಲಿಂದಲೇ ಪ್ರಮಾಣ ಮಾಡಲಾರೆ. ಆದರೆ ರಿಂಗ್ ಸವೆದ ಗಾಡಿ ಬೇರೆಯೇ ರೀತಿ ನಡೆದುಕೊಳ್ಳುತ್ತದೆ. ಅದು ಎದ್ದಾಗ ಮಾತ್ರವಲ್ಲ, ಘಾಟಿ ಹತ್ತುವಾಗ, ಆಕ್ಸಿಲರೇಟರ್ ತಿರುವಿದಾಗ, ಬಿಸಿಯಾದ ಮೇಲೂ ಹೊಗೆ ಬಿಡುತ್ತದೆ. ಸ್ಪಾರ್ಕ್ ಪ್ಲಗ್ ಆಯಿಲ್‌ನಿಂದ ಒದ್ದೆ ಕಪ್ಪಾಗಿರುತ್ತದೆ. ಬುಲೆಟ್‌ನಲ್ಲಿ ಇದಕ್ಕೆ ಗೇಜ್ ಕೂಡ ಬೇಕಿಲ್ಲ: ಬಿಸಿ ಎಂಜಿನ್ ಆಫ್ ಮಾಡಿ, ಕಂಪ್ರೆಷನ್ ಸಿಗುವಲ್ಲಿಗೆ ಕಿಕ್ಕರ್ ತಂದು ಅದರ ಮೇಲೆ ನಿಧಾನವಾಗಿ ಭಾರ ಬಿಡಿ. ಸ್ವಲ್ಪ ಹೊತ್ತು ನಿಮ್ಮನ್ನು ತಡೆದು ನಿಲ್ಲಿಸಿದರೆ ರಿಂಗ್ ಚೆನ್ನಾಗಿದೆ. ಭುಸ್ಸೆಂದು ಕೆಳಗಿಳಿದರೆ ಒಂದು ಚಮಚ ಆಯಿಲ್ ಸ್ಪಾರ್ಕ್ ಪ್ಲಗ್ ತೂತಿನಲ್ಲಿ ಬಿಟ್ಟು ಮತ್ತೆ ನೋಡಿ. ಬಿಗಿ ಹೆಚ್ಚಿದರೆ ರಿಂಗು, ಹಾಗೇ ಇದ್ದರೆ ವಾಲ್ವು. ಗೈಡ್ ಸಡಿಲವಾಗಿದ್ದರೆ ಆಗುಂಬೆಯಂಥ ಇಳಿಜಾರನ್ನು ಆಕ್ಸಿಲರೇಟರ್ ಮುಚ್ಚಿ ಗೇರಿನಲ್ಲೇ ಇಳಿದು ಕೆಳಗೆ ತಿರುವಿದಾಗ ಒಂದು ಉಂಡೆ ನೀಲಿ ಹೊಗೆ ಬರುತ್ತದೆ. ಮುಚ್ಚಿದ ಆಕ್ಸಿಲರೇಟರ್ ಹುಟ್ಟಿಸುವ ನಿರ್ವಾತ ಗೈಡಿನ ಸಂದಿನಿಂದ ಆಯಿಲ್ ಎಳೆದಿರುತ್ತದೆ.

ಮಲೆನಾಡಿನ ಮಳೆಗಾಲದಲ್ಲಿ ಇನ್ನೊಂದು ಮೋಸ ಇದೆ: ಸೈಲೆನ್ಸರ್ ಒಳಗಿನ ನೀರಿನಂಶ ಆವಿಯಾಗಿ ಬರುವ ಬಿಳಿ ಹೊಗೆ. ಒಂದು ಬಿಳಿ ಕಾಗದ ಹಿಡಿದು ನೋಡಿ. ನೀರಾದರೆ ಒಣಗುತ್ತದೆ, ಆಯಿಲ್ ಆದರೆ ಜಿಡ್ಡಿನ ಚುಕ್ಕೆ ಉಳಿಯುತ್ತದೆ.

ದಪ್ಪ ಆಯಿಲ್ ವಿಚಾರ ನನಗೆ ಸಿಟ್ಟು ತರಿಸುತ್ತದೆ. ಇದಕ್ಕೆ 20ಡಬ್ಲ್ಯೂ50 ದಪ್ಪದ ಆಯಿಲ್ ಎಂದು ಹೇಳಿರುವಾಗ ಅದನ್ನೇ ಹಾಕಿ. ಅದಕ್ಕಿಂತ ದಪ್ಪದ್ದು ಜಿನುಗುವುದು ತುಸು ನಿಧಾನವಾದೀತು, ಆದರೆ ಚಳಿಯ ಬೆಳಗ್ಗೆ ಬೇಕಾದ ಜಾಗಕ್ಕೆ ತಲುಪುವುದೂ ನಿಧಾನವೇ. ಹೊಗೆ ಕಾಣಬಾರದೆಂದು ಬಿಗ್ ಎಂಡ್ ಬಲಿ ಕೊಡುವುದು ಯಾವ ಬುದ್ಧಿವಂತಿಕೆ? ಹೊರಗೆ ಆಯಿಲ್ ಟ್ಯಾಂಕ್ ಇರುವ ಹಳೆಯ ಇಂಗ್ಲಿಷ್ ಗಾಡಿಗಳಲ್ಲಿ ಕೆಲವರು ಪೈಪಿಗೆ ನಲ್ಲಿ ಕೂರಿಸುತ್ತಾರೆ. ಒಂದು ದಿನ ಅದನ್ನು ತೆರೆಯಲು ಮರೆತರೆ ಎಂಜಿನ್ ಕಥೆ ಮುಗಿಯಿತು. ಬುಲೆಟ್‌ನಲ್ಲಿ ಟ್ಯಾಂಕ್ ಒಳಗೇ ಇರುವುದರಿಂದ ಆ ದುರ್ಬುದ್ಧಿಗೆ ಅವಕಾಶವಿಲ್ಲ.

ಮದ್ದು ಏನೆಂದರೆ, ಮೇಸ್ತ್ರಿ ಟೈಮಿಂಗ್ ಕವರ್ ಬಿಚ್ಚಿ ಪಂಪಿನ ಡಿಸ್ಕನ್ನು ಅದರ ಮುಖಕ್ಕೆ ನಯವಾದ ಗ್ರೈಂಡಿಂಗ್ ಪೇಸ್ಟ್ ಹಚ್ಚಿ ತೀಡಿದರು. ಗೆರೆಗಳು ಹೋಗಿ ಇಡೀ ಮುಖ ಒಂದೇ ಬೂದುಬಣ್ಣಕ್ಕೆ ಬರುವವರೆಗೆ ತೀಡಿ, ಪೇಸ್ಟಿನ ಒಂದು ಕಣವೂ ಉಳಿಯದಂತೆ ಪೆಟ್ರೋಲಿನಲ್ಲಿ ತೊಳೆದು, ಸ್ಪ್ರಿಂಗ್ ಹೊಸದು ಹಾಕಿದರು. ಬೋರ್‌ನ ಖರ್ಚಿನ ಮುಂದೆ ಅವರ ಕೂಲಿ ಏನೂ ಅಲ್ಲ. ಪೂರ್ತಿ ನಿಲ್ಲುತ್ತದೆಂದು ಅವರೂ ಹೇಳಲಿಲ್ಲ; ಲೋಹಕ್ಕೆ ಲೋಹದ ಬಿರಡೆ ಸ್ವಲ್ಪ ಜಿನುಗುವುದೇ. ಈಗ ಇಡೀ ಮಳೆಗಾಲ ನಿಂತರೂ ಕ್ರ್ಯಾಂಕ್‌ಕೇಸಿನಲ್ಲಿ ಸಿಗುವುದು ಒಂದು ಕಾಫಿ ಲೋಟದಷ್ಟು. ತಮ್ಮನಿಗೆ ವಾರಕ್ಕೊಮ್ಮೆ ಪೇಟೆಗೆ ಒಯ್ಯಲು ಹೇಳಿದ್ದೇನೆ, ಅದು ಎಲ್ಲಕ್ಕಿಂತ ಒಳ್ಳೆಯ ಔಷಧಿ. ನಿಂತಲ್ಲೇ ಐದು ನಿಮಿಷ ಗುಡುಗಿಸಿ ಆಫ್ ಮಾಡುವುದರಿಂದ ಪ್ರಯೋಜನವಿಲ್ಲ, ಎಂಜಿನ್ ಪೂರ್ತಿ ಬಿಸಿಯಾಗದೆ ಒಳಗೆ ನೀರು ಕೂರುತ್ತದೆ.

ಪಂಪ್ ಸರಿಮಾಡಿಸಿದ ಮೊದಲ ದಿನವೇ ಹೊಗೆ ಕಂಡು ಗಾಬರಿಯಾಗಬೇಡಿ. ಹಿಂದೆ ದಾಟಿ ಹೋದ ಆಯಿಲ್ ಸೈಲೆನ್ಸರ್ ಹೊಟ್ಟೆಯಲ್ಲಿ ಕೂತಿರುತ್ತದೆ. ಮೂವತ್ತು ನಲವತ್ತು ಕಿಲೋಮೀಟರ್ ಚೆನ್ನಾಗಿ ಓಡಿಸಿ ಅದು ಉರಿದುಹೋದ ಮೇಲೆ ತೀರ್ಪು ಕೊಡಿ.

ಇದನ್ನು ಓದುವ ಬೇರೆಯವರಿಗೆ ಒಂದು ಮಾತು. 2009ರಲ್ಲಿ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ ಬಂದ ನಂತರದ ಯೂನಿಟ್ ಎಂಜಿನ್‌ಗಳಲ್ಲಿ (ಎಂಜಿನ್, ಗೇರ್‌ಬಾಕ್ಸ್ ಒಂದೇ ಪೆಟ್ಟಿಗೆಯಲ್ಲಿರುವವು) ಆಯಿಲ್ ಕೆಳಗಿನ ಸಂಪಿನಲ್ಲೇ ಇರುತ್ತದೆ, ಅವುಗಳಿಗೆ ನನ್ನ ಕಥೆ ಅನ್ವಯಿಸದು. ಕಾರು ಬೆಳಗ್ಗೆ ಎದ್ದಾಗ ಒಂದು ಉಸಿರು ನೀಲಿ ಬಿಟ್ಟು ಸುಮ್ಮನಾದರೆ ಮೊದಲು ಅನುಮಾನಿಸಬೇಕಾದದ್ದು ಬಿಸಿಗೆ ಗಟ್ಟಿಯಾದ ವಾಲ್ವ್ ಸೀಲ್‌ಗಳನ್ನು. ಅಲ್ಲಿಯೂ ಬೋರ್ ಮಾತು ಬಂದರೆ ಕಂಪ್ರೆಷನ್ ಅಳೆದು ತೋರಿಸಿ ಎನ್ನಿ.

ಮಾರುವ ಮಾತು ಆಮೇಲೆ. ಈ ಭಾನುವಾರ ಗಾಡಿಯನ್ನು ಓಡಿಸಿ ಬಂದು ಆಯಿಲ್ ಮಟ್ಟ ನೋಡಿ, ಹೆಚ್ಚಿದ್ದರೆ ಮೇಲಿನ ಗೆರೆಗೆ ಇಳಿಸಿ. ಮೂರು ವಾರ ಮುಟ್ಟಬೇಡಿ. ಆಮೇಲೆ ಕಿಕ್ ಹೊಡೆಯದೆ ಕ್ರ್ಯಾಂಕ್‌ಕೇಸಿನ ಪ್ಲಗ್ ಬಿಚ್ಚಿ ಎಷ್ಟು ಬಂತೆಂದು ಅಳೆದು ಇಲ್ಲಿ ಬರೆಯಿರಿ. ಪ್ಲಗ್ಗಿನ ವಾಷರ್ ಬೋಗುಣಿಯೊಳಗೆ ಬೀಳುತ್ತದೆ, ಆಯಿಲ್ ಚೆಲ್ಲುವ ಮೊದಲು ಹುಡುಕಿಕೊಳ್ಳಿ.