ಕೊಲೆಗಾರ ಸಿಕ್ಕ, ಪ್ರೇಮಪತ್ರ ಎಲ್ಲಿ?

ಹೋದ ಸಲ ಹಳೇ ಲಂಡನ್ನಿನ ಪತ್ತೇದಾರಿ ಕಾದಂಬರಿಗಳ ಬಗ್ಗೆ ಬರೆಯುವಾಗ ಒಂದು ಪ್ಯಾರಾ ಜಾಸ್ತಿ ಬರೆದೆ. ಕೊಲೆಯ ಜಾಡು ಹಿಡಿದು ಹೊರಟ ಇಬ್ಬರು ಗಂಡಸರು, ಅಥವಾ ಇಬ್ಬರು ಹೆಂಗಸರು, ದಾರಿಯಲ್ಲಿ ಒಬ್ಬರನ್ನೊಬ್ಬರು ಪ್ರೀತಿಸುವ ಕಥೆಗಳ ಬಗ್ಗೆ. ಆ ಒಂದು ಪ್ಯಾರಾಕ್ಕೆ ಬಂದಷ್ಟು ಪತ್ರ ಉಳಿದ ಎರಡು ಪುಟಕ್ಕೆ ಬರಲಿಲ್ಲ. ಇಬ್ಬರು ಚೆನ್ನಾಗಿ ಬೈದಿದ್ದಾರೆ, ಅವರ ಪಾಡಿಗೆ ಅವರನ್ನು ಬಿಡೋಣ. ಉಳಿದವುಗಳಲ್ಲಿ ನಾಲ್ಕನ್ನು ಆರಿಸಿಕೊಂಡಿದ್ದೇನೆ.

*ಅಕ್ಕಾ, ನನ್ನ ಮನೆ ಹುಬ್ಬಳ್ಳಿ, ಕೆಲಸ ಧಾರವಾಡ. ದಿನಾ ಚಿಗರಿ ಬಸ್ಸಿನಲ್ಲಿ ಹೋಗ್ತಾ ಬರ್ತಾ ಫೋನಿನಲ್ಲಿ ಓದುತ್ತೇನೆ. ನೀವು ಹೇಳಿದ ಥರದ ಕಾದಂಬರಿ ಹನ್ನೊಂದು ಮುಗಿಸಿದೆ. ಎಂಟರಲ್ಲಿ ಅದೇ ಕಥೆ: ಪ್ರೇಮಪತ್ರ ಕಳುವಾಗುತ್ತದೆ, ಬ್ಲ್ಯಾಕ್‌ಮೇಲ್ ಶುರುವಾಗುತ್ತದೆ, ಬ್ಲ್ಯಾಕ್‌ಮೇಲ್ ಮಾಡಿದವನು ಹೆಣವಾಗುತ್ತಾನೆ. ಬರೆಯುವವರಿಗೆ ಬೇರೆ ಐಡಿಯಾನೇ ಇಲ್ವಾ?*
— ಓದುಗಿ, ವಿದ್ಯಾನಗರ, ಹುಬ್ಬಳ್ಳಿ

ಹನ್ನೊಂದರಲ್ಲಿ ಎಂಟು ಅಂತ ಲೆಕ್ಕ ಇಟ್ಟಿದ್ದೀರಲ್ಲ, ಅದು ನನಗೆ ಇಷ್ಟವಾಯಿತು. ಆದರೆ ತಪ್ಪು ಪೂರ್ತಿ ಬರೆಯುವವರದಲ್ಲ, ಅಲ್ಲಿನ ಕಾನೂನೇ ಹಾಗಿತ್ತು. ಇಂಗ್ಲೆಂಡಿನಲ್ಲಿ 1861ರವರೆಗೂ ಗಂಡಸರಿಬ್ಬರ ಕೂಡಾಟಕ್ಕೆ ಗಲ್ಲು ಶಿಕ್ಷೆ ಇತ್ತು. ಗಲ್ಲು ಹೋಯಿತಲ್ಲ ಅಂತ ಉಸಿರು ಬಿಡುವಷ್ಟರಲ್ಲಿ, 1885ರಲ್ಲಿ ಹೊಸದೊಂದು ಕಲಂ ಬಂತು. ಗಂಡಸರ ನಡುವಿನ ‘ಘೋರ ಅಸಭ್ಯತೆ’ಗೆ ಎರಡು ವರ್ಷದವರೆಗೆ ಜೈಲು. ಏನು ಮಾಡಿದರೆ ಅಸಭ್ಯತೆ? ಅದನ್ನು ಬರೆದೇ ಇರಲಿಲ್ಲ. ಬಾಗಿಲು ಹಾಕಿಕೊಂಡು ಮನೆಯೊಳಗೆ ಇದ್ದರೂ ಅಪರಾಧವೇ. ಬ್ಲ್ಯಾಕ್‌ಮೇಲ್ ಮಾಡುವವರಿಗೆ ಸರ್ಕಾರವೇ ಕೊಟ್ಟ ಸನ್ನದು ಇದು ಅಂತ ಆಗಲೇ ಜನ ಹಂಗಿಸುತ್ತಿದ್ದರು.

ಈಗ ಕಾದಂಬರಿ ಬರೆಯುವವರ ಕುರ್ಚಿಯಲ್ಲಿ ನೀವೇ ಕೂತು ನೋಡಿ. ನಿಮ್ಮ ನಾಯಕ ಬರೆದ ಒಂದು ಕಾಗದ ಯಾರದೋ ಕೈಗೆ ಸಿಕ್ಕಿದೆ. ಅವನು ತಿಂಗಳು ತಿಂಗಳು ದುಡ್ಡು ಕೀಳುತ್ತಿದ್ದಾನೆ. ಪೊಲೀಸರ ಹತ್ತಿರ ಹೋಗುವ ಹಾಗಿಲ್ಲ, ಹೋದರೆ ತನ್ನ ಮೇಲೆ ತಾನೇ ದೂರು ಕೊಟ್ಟ ಹಾಗೆ. ಒಂದು ಬೆಳಿಗ್ಗೆ ಅವನ ಹೆಣ ಸಿಗುತ್ತದೆ, ಅನುಮಾನ ನೇರ ನಾಯಕನ ಮೇಲೆ. ಆ ರಾತ್ರಿ ಅವನು ಎಲ್ಲಿದ್ದ ಅಂತ ಸಾಕ್ಷಿ ಹೇಳಬಲ್ಲವನು ಒಬ್ಬನೇ ಒಬ್ಬ, ಪಕ್ಕದಲ್ಲಿ ಮಲಗಿದ್ದವನು. ಅವನ ಹೆಸರು ಹೇಳಿದರೆ ಕೊಲೆ ಕೇಸಿನಿಂದ ಬಚಾವ್, ಆದರೆ ಇನ್ನೊಂದು ಕೇಸಿನಲ್ಲಿ ಇಬ್ಬರೂ ಒಳಗೆ. ಹೇಳಬೇಕೋ ಬೇಡವೋ? ಈ ಒಂದು ಗಂಟಿನಲ್ಲಿ ಕೊಲೆ ಕಥೆಯೂ ಇದೆ, ಪ್ರೇಮ ಕಥೆಯೂ ಇದೆ. ಒಂದನ್ನು ಬಿಚ್ಚದೆ ಇನ್ನೊಂದು ಬಿಚ್ಚುವುದಿಲ್ಲ. ಗಂಡು ಹೆಣ್ಣಿನ ಪತ್ತೇದಾರಿ ಕಥೆಯಲ್ಲಿ ಪ್ರೇಮವನ್ನು ಎಷ್ಟೋ ಸಲ ಒಗ್ಗರಣೆ ಥರ ಮೇಲೆ ಹಾಕಿರುತ್ತಾರೆ, ತೆಗೆದರೂ ಕಥೆ ನಿಲ್ಲುತ್ತದೆ. ಇಲ್ಲಿ ಹಾಗೆ ತೆಗೆಯೋಕೆ ಬರಲ್ಲ. ಕಾಗದದ ಭಯ ಕೂಡ ಕಟ್ಟುಕಥೆ ಅಲ್ಲ. ನಾಟಕಕಾರ ಆಸ್ಕರ್ ವೈಲ್ಡ್ ತನ್ನ ಗೆಳೆಯನಿಗೆ ಬರೆದಿದ್ದ ಪತ್ರಗಳನ್ನು 1895ರಲ್ಲಿ ಕೋರ್ಟಿನಲ್ಲಿ ಎಲ್ಲರೆದುರು ಗಟ್ಟಿಯಾಗಿ ಓದಿದರು, ಕೊನೆಗೆ ಅವನಿಗೆ ಸಿಕ್ಕಿದ್ದು ಎರಡು ವರ್ಷ ಕಠಿಣ ಶಿಕ್ಷೆ.

ಆದರೂ ಎಂಟು ಸಲ ಅಂದರೆ ಬೇಜಾರೇ, ಒಪ್ಪುತ್ತೇನೆ. ಹೆಂಗಸರ ಜೋಡಿ ಇರುವ ಪುಸ್ತಕ ಹಿಡಿಯಿರಿ. 1885ರ ಕಲಮಿನಲ್ಲಿ ಹೆಂಗಸರ ಹೆಸರೇ ಇರಲಿಲ್ಲ, 1921ರಲ್ಲಿ ಸೇರಿಸಲು ನೋಡಿದರೂ ಅಲ್ಲಿನ ಪಾರ್ಲಿಮೆಂಟಿನ ಮೇಲ್ಮನೆಯಾದ ಲಾರ್ಡ್ಸ್ ಸಭೆಯಲ್ಲಿ ಬಿದ್ದುಹೋಯಿತು. ಹಾಗಾಗಿ ಅಲ್ಲಿ ಹೆದರಿಸುವವರು ಪೊಲೀಸರಲ್ಲ, ಮನೆಯವರೇ. ಆಸ್ತಿ, ಬಲವಂತದ ಮದುವೆ, ಹುಚ್ಚಾಸ್ಪತ್ರೆ. ಸಾರಾ ವಾಟರ್ಸ್ ಅವರ ‘ಫಿಂಗರ್‌ಸ್ಮಿತ್’ (2002) ಇದೇ ಜಾಗದಲ್ಲಿ ಆಡುತ್ತದೆ. ಅರ್ಧ ಓದುವಷ್ಟರಲ್ಲಿ ಕಾಲಕೆಳಗಿನ ಚಾಪೆಯನ್ನೇ ಎಳೆಯುತ್ತಾರೆ, ಹೇಗೆ ಅಂತ ಹೇಳಲ್ಲ. ಅದನ್ನು ಬಸ್ಸಿನಲ್ಲಿ ಮಾತ್ರ ಓದಬೇಡಿ, ಇಳಿಯೋ ಸ್ಟಾಪ್ ತಪ್ಪುತ್ತೆ. ಅಮೆರಿಕ ಬೇಕಾದರೆ ‘ಲ್ಯಾವೆಂಡರ್ ಹೌಸ್’ (2022) ಇದೆ. 1952ರ ಸ್ಯಾನ್ ಫ್ರಾನ್ಸಿಸ್ಕೋ, ಸಾಬೂನು ಮಾಡಿ ಶ್ರೀಮಂತರಾದ ಮನೆತನ, ನೌಕರಿ ಕಳೆದುಕೊಂಡ ಪೊಲೀಸ್.

*ಮೇಡಂ ಅವರಿಗೆ ನಮಸ್ಕಾರ. ನಾನು 31 ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿದವನು. ನನಗೆ ಯಾರ ಮೇಲೂ ಸಿಟ್ಟಿಲ್ಲ. ಆದರೆ ಇದು ಇವತ್ತಿನ ವಿಚಾರವನ್ನು ಇನ್ನೂರು ವರ್ಷದ ಹಿಂದಿನವರ ಮೇಲೆ ಅಂಟಿಸುವ ಕೆಲಸ ಅಲ್ಲವೇ? ದಾಖಲೆ ಎಲ್ಲಿದೆ?*
— ನಿವೃತ್ತ ಶಿಕ್ಷಕರು, ಗದಗ

ಸರ್, ದಾಖಲೆ ಕೇಳಿದ್ದೀರಿ, ಒಂದು ದೊಡ್ಡದನ್ನೇ ಕೊಡುತ್ತೇನೆ. ಇಂಗ್ಲೆಂಡಿನ ಯಾರ್ಕ್‌ಶೈರ್‌ನಲ್ಲಿ ಆ್ಯನ್ ಲಿಸ್ಟರ್ ಅಂತ ಒಬ್ಬ ಜಮೀನುದಾರಿಣಿ ಇದ್ದಳು, 1791ರಿಂದ 1840. ಅವಳ ದಿನಚರಿ ಸುಮಾರು 50 ಲಕ್ಷ ಪದ. ಬಾಡಿಗೆ, ಕಲ್ಲಿದ್ದಲು ಗಣಿ, ಹವಾಮಾನ ಎಲ್ಲ ಮಾಮೂಲಿ ಇಂಗ್ಲಿಷಿನಲ್ಲಿ. ಆದರೆ ಆರರಲ್ಲಿ ಒಂದು ಪಾಲು ಗ್ರೀಕ್ ಅಕ್ಷರ, ಗಣಿತದ ಚಿಹ್ನೆ ಎಲ್ಲ ಕಲಸಿ ಅವಳೇ ಮಾಡಿಕೊಂಡ ಗುಪ್ತಲಿಪಿಯಲ್ಲಿದೆ. ತಾನು ಪ್ರೀತಿಸಿದ ಹೆಂಗಸರ ವಿಷಯ ಇರುವುದು ಅಲ್ಲಿ.

ಅದು ಬಯಲಾದದ್ದೇ ಒಂದು ಪತ್ತೇದಾರಿ ಕಥೆ. 1890ರ ದಶಕದಲ್ಲಿ ಅದೇ ಮನೆತನದ ಜಾನ್ ಲಿಸ್ಟರ್ ಮತ್ತು ಅವನ ಗೆಳೆಯ ಆರ್ಥರ್ ಬರೆಲ್ ಕೂತು ಲಿಪಿ ಬಿಡಿಸಲು ನೋಡಿದರು. ಎರಡು ಅಕ್ಷರ ಊಹೆಯಲ್ಲಿ ಸಿಕ್ಕಿದ್ದವು. ಆಮೇಲೆ ಹಳೇ ಕಾಗದಪತ್ರದ ರಾಶಿಯಲ್ಲಿ ಒಂದು ಚೂರು ಸಿಕ್ಕಿತು. ‘ದೇವರಲ್ಲೇ ನನ್ನ...’ ಅಂತ ಇಂಗ್ಲಿಷಿನಲ್ಲಿ, ಕೊನೆಯ ಪದ ಮಾತ್ರ ಗುಪ್ತಲಿಪಿಯಲ್ಲಿ. ಅದು ‘ಹೋಪ್’ ಇರಲೇಬೇಕು, ಭರವಸೆ. ಊಹಿಸಿದ್ದ ಎರಡು ಅಕ್ಷರವೂ ಸರಿಯಾಗಿ ಕೂತವು. ಆಗ ಬೀಗ ತೆಗೆಯಿತು. ಓದಿದ ಬರೆಲ್ ಬೆಚ್ಚಿ, ಸುಟ್ಟುಬಿಡು ಅಂದ. ಜಾನ್ ಸುಡಲಿಲ್ಲ, ಮನೆಯ ಗೋಡೆಯ ಹಲಗೆ ಹಿಂದೆ ಬಚ್ಚಿಟ್ಟ. ಆ ಭಾಗಗಳು ಪುಸ್ತಕವಾಗಿ ಜನರ ಕೈಗೆ ಬಂದದ್ದು 1988ರಲ್ಲಿ, ಹೆಲೆನಾ ವಿಟ್‌ಬ್ರೆಡ್ ಅವರ ಸಂಪಾದನೆಯಲ್ಲಿ. ಸುಟ್ಟವು ಎಷ್ಟಿದ್ದವೋ, ಸರ್. ದಾಖಲೆ ಎಲ್ಲಿ ಅಂತ ಕೇಳುವಾಗ ದಾಖಲೆ ಇಟ್ಟುಕೊಂಡರೆ ಏನಾಗುತ್ತಿತ್ತು ಅಂತಲೂ ಕೇಳಬೇಕು, ಇತಿಹಾಸದ ಮೇಷ್ಟ್ರಿಗೆ ನಾನೇನು ಹೇಳಲಿ.

ಒಂದು ವಿಷಯದಲ್ಲಿ ಮಾತ್ರ ನಿಮ್ಮ ಕಡೆಯೇ ನಾನು. ಕೆಲವು ಕಾದಂಬರಿಗಳಲ್ಲಿ 1890ರ ಕುದುರೆಗಾಡಿಯವನು ಮೊನ್ನೆ ಕೌನ್ಸೆಲಿಂಗ್ ಮುಗಿಸಿ ಬಂದವನ ಹಾಗೆ ತನ್ನ ಮನಸ್ಸನ್ನು ವಿವರಿಸುತ್ತಾನೆ. ಮಾತಿನಲ್ಲಿ ಅಳುಕಿಲ್ಲ, ಭಾನುವಾರ ಚರ್ಚಿಗೆ ಹೋಗುವಾಗ ಒಂದು ಚೂರು ತಳಮಳ ಇಲ್ಲ. ಟೋಪಿ, ಕೋಟು, ಗ್ಯಾಸ್ ದೀಪ ಇದ್ದ ಮಾತ್ರಕ್ಕೆ ಚರಿತ್ರೆ ಆಗುವುದಿಲ್ಲ. ಅಂಥದ್ದನ್ನು ನಾನು ಮೂವತ್ತನೇ ಪುಟಕ್ಕೇ ಕೆಳಗಿಡುತ್ತೇನೆ.

*ಈ ಪುಸ್ತಕಗಳಲ್ಲಿ ಕೊನೆಗೆ ಇಬ್ಬರೂ ಸುಖವಾಗಿರುತ್ತಾರೆ. ಅಂಥ ಕಾಲದಲ್ಲಿ ಅದು ಸಾಧ್ಯವಾ? ಸುಮ್ನೆ ಓದುಗರನ್ನು ಖುಷಿಪಡಿಸೋಕಲ್ವಾ?*
— ಸಪ್ತಾಪುರ, ಧಾರವಾಡ

ಖುಷಿಪಡಿಸೋಕೇ. ರೊಮ್ಯಾನ್ಸ್ ಅಂದಮೇಲೆ ಕೊನೆ ಸುಖವಾಗಿರಬೇಕು ಅನ್ನುವುದು ಅದರ ಕರಾರು, ಪತ್ತೇದಾರಿಯಲ್ಲಿ ಕೊಲೆಗಾರ ಸಿಗಲೇಬೇಕು ಅನ್ನುವ ಹಾಗೆ. ಆದರೆ ಇದು ಇವತ್ತಿನ ಚಾಳಿ ಅಂದುಕೊಳ್ಳಬೇಡಿ. ಇಂಗ್ಲಿಷ್ ಕಾದಂಬರಿಕಾರ ಇ. ಎಂ. ಫಾರ್ಸ್ಟರ್ 1913-14ರಲ್ಲೇ ‘ಮಾರಿಸ್’ ಬರೆದು, ಇಬ್ಬರು ಗಂಡಸರನ್ನು ಬೇಕಂತಲೇ ಸುಖವಾಗಿ ಉಳಿಸಿದ. ದುಃಖದಲ್ಲಿ ಮುಗಿಸಿದ್ದರೆ ಅಚ್ಚು ಹಾಕಿಸಲು ಅಷ್ಟು ತೊಂದರೆ ಇರುತ್ತಿರಲಿಲ್ಲ ಅಂತ ಅವನೇ ಹೇಳಿಕೊಂಡಿದ್ದಾನೆ. ಹಸ್ತಪ್ರತಿ ಪೆಟ್ಟಿಗೆಯಲ್ಲೇ ಉಳಿಯಿತು. ಕಾನೂನು ಸಡಿಲವಾದದ್ದು 1967ರಲ್ಲಿ, ಅವನು ತೀರಿಕೊಂಡದ್ದು 1970ರಲ್ಲಿ, ಪುಸ್ತಕ ಬಂದದ್ದು 1971ರಲ್ಲಿ.

*ಮೇಡಂ, ಡಿಗ್ರಿ ಎರಡನೇ ವರ್ಷ. ಕನ್ನಡದಲ್ಲಿ ಇಂಥದ್ದು ಏನು ಓದಲಿ? ನಾನೇ ಒಂದು ಬರೆಯುತ್ತಿದ್ದೇನೆ: 1905ರ ಬ್ಯಾಡಗಿ, ಮೆಣಸಿನಕಾಯಿ ಅಂಗಡಿಯ ಗುಮಾಸ್ತ, ಒಬ್ಬ ಹಮಾಲ, ಒಂದು ಕೊಲೆ. ಮೊದಲ ಅಧ್ಯಾಯ ಲಗತ್ತಿಸಿದ್ದೇನೆ. ಇಲ್ಲಿ ಆಗ ಯಾವ ಕಾನೂನು ಇತ್ತು? ಇನ್ನೊಂದು, ಮನೆಯಲ್ಲಿ ಅವ್ವ ನನ್ನ ಪುಸ್ತಕ ಎಲ್ಲ ತಿರುವಿ ನೋಡುತ್ತಾಳೆ. ಹೆಸರು ಹಾಕಬೇಡಿ.*
— ಹಾವೇರಿ

ಕೊಲೆ, ಚರಿತ್ರೆ, ಇಂಥ ಪ್ರೇಮ, ಮೂರೂ ಒಟ್ಟಿಗೆ ಇರುವ ಕನ್ನಡ ಕಾದಂಬರಿ ನನ್ನ ಕಪಾಟಿನಲ್ಲಿ ಒಂದೂ ಇಲ್ಲ, ಅದಕ್ಕೇ ನಿಮ್ಮ ಪತ್ರ ನೋಡಿ ಖುಷಿಯಾಯಿತು. ಮೊದಲು ವಸುಧೇಂದ್ರರ ‘ಮೋಹನಸ್ವಾಮಿ’ (2013) ಓದಿ. ಇವತ್ತಿನ ಕಾಲದ ಕಥೆಗಳು, ಆದರೆ ಗಂಡಸು ಗಂಡಸನ್ನು ಬಯಸುವುದನ್ನು ಕನ್ನಡದ ಮಾತಿನಲ್ಲಿ ಹೇಗೆ ಹೇಳಬಹುದು ಅಂತ ಅಲ್ಲಿ ಕಲಿಯಬಹುದು. ಅವರದೇ ‘ತೇಜೋ-ತುಂಗಭದ್ರಾ’ (2019) ಐನೂರು ವರ್ಷ ಹಿಂದಿನ ಲಿಸ್ಬನ್ ಮತ್ತು ವಿಜಯನಗರದ ಕಾದಂಬರಿ, ಹಳೇ ಕಾಲ ಕಟ್ಟುವ ಕೆಲಸಕ್ಕೆ ಅದನ್ನು ನೋಡಿ. ಮತ್ತೆ ನಿಮ್ಮ ಜಿಲ್ಲೆಯವರೇ ಗಳಗನಾಥರು ಇದ್ದಾರೆ, ಚಾರಿತ್ರಿಕ ಕಾದಂಬರಿ ಬರೆದು ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದವರು. ನಿಮ್ಮ ಗುಮಾಸ್ತನ ಕಾಲದ ಬರಹದ ಕನ್ನಡ ಅವರಲ್ಲಿ ಸಿಗುತ್ತದೆ.

ಕಾನೂನು: 377ನೇ ಕಲಂ. ಬ್ರಿಟಿಷರ ದಂಡ ಸಂಹಿತೆ 1860ರದ್ದು, ಜಾರಿಗೆ ಬಂದದ್ದು 1862ರಲ್ಲಿ. ನಿಮ್ಮ ಊರು ಆಗ ಮುಂಬೈ ಪ್ರಾಂತದ ಧಾರವಾಡ ಜಿಲ್ಲೆ, ಅಲ್ಲೂ ಅದೇ ಕಲಂ. ಶಿಕ್ಷೆ ಹತ್ತು ವರ್ಷದವರೆಗೆ, ಇಲ್ಲವೇ ಕಾಲಾಪಾನಿ. ವಯಸ್ಕರು ಒಪ್ಪಿ ಕೂಡುವುದು ಅಪರಾಧವಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2018ರ ಸೆಪ್ಟೆಂಬರ್ 6ರಂದು, ನಿಮ್ಮ ಗುಮಾಸ್ತನಿಗೆ ಅದು ಬಹಳ ತಡ.

ಅವ್ವನ ವಿಷಯ. ನಾನೂ ನಿಮ್ಮ ವಯಸ್ಸಿನಲ್ಲಿ ಪುಸ್ತಕಕ್ಕೆ ಹಳೇ ಕ್ಯಾಲೆಂಡರಿನ ಹಾಳೆ ರಟ್ಟು ಹಾಕಿ, ಮೇಲೆ ‘ಅರ್ಥಶಾಸ್ತ್ರ’ ಅಂತ ಬರೆದಿದ್ದೆ. ಒಂದು ವಾರ ಕಳೆದ ಮೇಲೆ ನೋಡಿದರೆ ಒಳಗಿನ ಗುರುತಿನ ಚೀಟಿ ನಾನು ಇಟ್ಟ ಪುಟಕ್ಕಿಂತ ನಲವತ್ತು ಪುಟ ಮುಂದೆ ಹೋಗಿತ್ತು. ಅವ್ವನೂ ಏನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಎಲ್ಲರ ಮನೆಯಲ್ಲೂ ಹೀಗೇ ಆಗುತ್ತೆ ಅಂತ ಹೇಳಲಾರೆ, ನಿಮ್ಮ ಅವ್ವ ನಿಮಗೆ ಗೊತ್ತು. ಅನುಮಾನ ಇದ್ದರೆ ಫೋನಿನಲ್ಲೇ ಓದಿ.

ಇನ್ನು ಆ ಮೊದಲ ಅಧ್ಯಾಯ. ಹಮಾಲನ ಭುಜದ ಮೇಲೆ ಚೀಲದ ದಾರದ ಗುರುತು ಮೂಡಿರುವುದನ್ನು ಗುಮಾಸ್ತ ಲೆಕ್ಕದ ಪುಸ್ತಕದ ಮರೆಯಿಂದ ನೋಡುವ ಜಾಗ ತುಂಬ ಚೆನ್ನಾಗಿದೆ, ಒಂದಕ್ಷರ ಮುಟ್ಟಬೇಡಿ. ಆದರೆ ಇಬ್ಬರೂ ಕಂದೀಲು ಆರಿಸಿ ಮೆಣಸಿನಕಾಯಿ ಚೀಲಗಳ ನಡುವೆ ರಾತ್ರಿಯಿಡೀ ಅಡಗಿ ಕೂರುತ್ತಾರೆ, ಆಚೆ ಕೊಲೆ ನಡೆಯುತ್ತದೆ, ಒಳಗೆ ಒಬ್ಬರಾದರೂ ಒಂದು ಸಲ ಕೆಮ್ಮುವುದಿಲ್ಲ. ಅದು ಬ್ಯಾಡಗಿ, ತಮ್ಮಾ. ಯಾರು ಮೊದಲು ಕೆಮ್ಮಿದರು, ಅದನ್ನು ಯಾರು ಕೇಳಿಸಿಕೊಂಡರು ಅಂತ ತೀರ್ಮಾನ ಮಾಡಿ ಎರಡನೇ ಅಧ್ಯಾಯ ಕಳಿಸಿ.