ಮೊರಿಯಾರ್ಟಿ ಬಗ್ಗೆ ಹೊಸ ಕಥೆ ಬರೆಯುವುದಾದರೆ ಅವನನ್ನು ಜಾಸ್ತಿ ತೋರಿಸಬೇಡಿ

ಷರ್ಲಾಕ್ ಹೋಮ್ಸ್‌ನ ಶತ್ರು ಪ್ರೊಫೆಸರ್ ಮೊರಿಯಾರ್ಟಿಯನ್ನು ಇಟ್ಟುಕೊಂಡು ಹೊಸ ಸಣ್ಣ ಕಥೆಗಳನ್ನು ಬರೆಯಬಹುದಾ, ಬರೆದರೆ ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ಧಾರಾಳವಾಗಿ ಬರೆಯಿರಿ. ಹೋಮ್ಸ್ ಕಥೆಗಳನ್ನು ಬರೆದ ಕಾನನ್ ಡಾಯ್ಲ್ ತೀರಿಕೊಂಡಿದ್ದು 1930ರಲ್ಲಿ. ಅಮೆರಿಕದಲ್ಲಿ ಕಾಪಿರೈಟ್ ಉಳಿದಿದ್ದ ಕೊನೆಯ ಹೋಮ್ಸ್ ಕಥೆಗಳೂ 2023ರ ಜನವರಿಯಲ್ಲಿ ಮುಕ್ತವಾದವು. ಈಚಿನ ಸಿನಿಮಾ, ಸೀರಿಯಲ್‌ನವರು ಸೇರಿಸಿದ್ದನ್ನು ಮಾತ್ರ ಎತ್ತಿಕೊಳ್ಳಬೇಡಿ, ಅದು ಅವರದು.

ನಾನೂ ಅವನ ಮೇಲೆ ಕಥೆ ಬರೆಯುತ್ತಿರುತ್ತೇನೆ. ಮೂಲದಲ್ಲಿ ಅವನು ಇರುವುದೇ ತೀರಾ ಕಮ್ಮಿ. 1893ರಲ್ಲಿ ಪ್ರಕಟವಾದ ಒಂದು ಕಥೆಯಲ್ಲಿ ಬರುತ್ತಾನೆ, ಅದರಲ್ಲೇ ಸ್ವಿಟ್ಜರ್‌ಲ್ಯಾಂಡಿನ ಜಲಪಾತಕ್ಕೆ ಬಿದ್ದು ಸಾಯುತ್ತಾನೆ. ಕಥೆ ಹೇಳುವ ವಾಟ್ಸನ್ ಅಲ್ಲಿ ಅವನನ್ನು ದೂರದಿಂದ ನೋಡುತ್ತಾನೆ ಅಷ್ಟೇ, ಒಂದು ಮಾತೂ ಆಡುವುದಿಲ್ಲ. ಉಬ್ಬಿದ ಹಣೆ, ಗುಳಿಬಿದ್ದ ಕಣ್ಣು, ಹಾವಿನ ಹಾಗೆ ಮೆಲ್ಲಗೆ ಅತ್ತಿತ್ತ ಆಡುವ ಮುಖ, ಇದೆಲ್ಲ ಹೋಮ್ಸ್ ಬಾಯಲ್ಲಿ ಕೇಳಿದ್ದು. ಹೋಮ್ಸ್‌ನಂಥವನೇ ಕಿಟಕಿ ಬಾಗಿಲು ಮುಚ್ಚಿ ಕೂರುತ್ತಾನಲ್ಲ, ಅದನ್ನು ನೋಡಿ ನಮಗೆ ಭಯ ಹುಟ್ಟುತ್ತದೆ.

ನನಗೆ ತುಂಬಾ ಇಷ್ಟವಾದ ಜಾಗ ‘ದಿ ವ್ಯಾಲಿ ಆಫ್ ಫಿಯರ್’ ಕಾದಂಬರಿಯಲ್ಲಿದೆ. ಒಬ್ಬ ಪೊಲೀಸ್ ಇನ್‌ಸ್ಪೆಕ್ಟರ್ ಪ್ರೊಫೆಸರನ್ನು ನೋಡಲು ಹೋಗಿರುತ್ತಾನೆ. ಮಾತು ಗ್ರಹಣದ ಕಡೆ ಹೊರಳುತ್ತದೆ, ಪ್ರೊಫೆಸರ್ ಒಂದು ಲಾಂದ್ರ ಮತ್ತು ಗ್ಲೋಬ್ ಇಟ್ಟುಕೊಂಡು ನಿಮಿಷದಲ್ಲಿ ಅರ್ಥಮಾಡಿಸುತ್ತಾನೆ, ಓದಲು ಪುಸ್ತಕವನ್ನೂ ಕೊಡುತ್ತಾನೆ, ಹೊರಡುವಾಗ ಹೆಗಲ ಮೇಲೆ ಕೈಯಿಡುತ್ತಾನೆ. ಇನ್‌ಸ್ಪೆಕ್ಟರ್‌ಗೆ ಅದು ತಂದೆಯ ಆಶೀರ್ವಾದದ ಹಾಗೆ ಅನಿಸುತ್ತದೆ. ಅದೇ ಕೋಣೆಯ ಗೋಡೆಯಲ್ಲಿ, ವರ್ಷಕ್ಕೆ 700 ಪೌಂಡ್ ಸಂಬಳದವನು ಕನಸಲ್ಲೂ ಕೊಳ್ಳಲಾಗದ ಒಂದು ಪೇಂಟಿಂಗ್ ತೂಗುತ್ತಿರುತ್ತದೆ. ನಗು, ಒಳ್ಳೆಯ ಮಾತು, ಹಿಂದೆ ಆ ಚಿತ್ರ. ಖಳನನ್ನು ಕಟ್ಟಲು ಇಷ್ಟು ಸಾಕು ಅಲ್ವಾ?

ಅದಕ್ಕೇ ಹೇಳುವುದು, ಕಥೆಯನ್ನು ಅವನ ತಲೆಯೊಳಗಿಂದ ಬರೆಯಬೇಡಿ, ಅವನ ಕೆಲಸ ಮಾಡುವ ಸಣ್ಣಪುಟ್ಟವರ ಕಡೆಯಿಂದ ಬರೆಯಿರಿ. ಯಾರಿಗಾಗಿ ದುಡಿಯುತ್ತಿದ್ದೇವೆ ಅಂತಲೇ ಗೊತ್ತಿಲ್ಲದವರು. ಲಂಡನ್ನಿನ ಬೀದಿಯಲ್ಲಿ ಗ್ಯಾಸ್ ದೀಪ ಹಚ್ಚುವವನೊಬ್ಬ ಇದ್ದಾನೆ ಅಂದುಕೊಳ್ಳಿ. ವಾರಕ್ಕೊಮ್ಮೆ ಮೂಲೆಯ ಒಂದು ದೀಪವನ್ನು ಹತ್ತು ನಿಮಿಷ ತಡವಾಗಿ ಹಚ್ಚಬೇಕು, ಅದಕ್ಕೆ ಬೇರೆ ಕಾಸು. ಅವನು ಯಾಕೆ ಅಂತ ಕೇಳುವುದಿಲ್ಲ. ಒಂದು ಸಂಜೆ ಆ ಮೂಲೆಯಲ್ಲಿ ಹೆಣ ಸಿಗುತ್ತದೆ, ಮರುವಾರ ಕಾಸು ಎಂದಿನಂತೆ ಬರುತ್ತದೆ, ಈ ಸಲ ದುಪ್ಪಟ್ಟು. ಈಗ ಅವನು ಏನು ಮಾಡುತ್ತಾನೆ? ಕಥೆ ಇರುವುದು ಅಲ್ಲಿ. ಪ್ರೊಫೆಸರ್ ಹೆಸರು ಒಂದು ಸಲ ಬಂದರೂ ಸಾಕು, ಬರದಿದ್ದರೆ ಇನ್ನೂ ಒಳ್ಳೆಯದು.

ದಯವಿಟ್ಟು ಅವನಿಗೊಂದು ಬಾಲ್ಯದ ದುಃಖ ಕಟ್ಟಬೇಡಿ. 21ನೇ ವಯಸ್ಸಿಗೆ ಬೈನಾಮಿಯಲ್ ಪ್ರಮೇಯದ ಮೇಲೆ ಬರೆದು ಹೆಸರು ಮಾಡಿದ, ಚಿಕ್ಕದೊಂದು ವಿಶ್ವವಿದ್ಯಾಲಯದಲ್ಲಿ ಗಣಿತದ ಪ್ರೊಫೆಸರ್ ಆದ, ಆಮೇಲೆ ಊರಲ್ಲಿ ಏನೋ ಕೆಟ್ಟ ಸುದ್ದಿ ಹಬ್ಬಿ ಕೆಲಸ ಬಿಟ್ಟ. ಏನು ಸುದ್ದಿ ಅಂತ ಡಾಯ್ಲ್ ಹೇಳಲೇ ಇಲ್ಲ. ಎಲ್ಲರಿಗೂ ಅದನ್ನು ತುಂಬಿಸುವ ಆಸೆ. ತುಂಬಿಸುವ ಬದಲು ಆ ಊರಿನ ನಾಲ್ಕು ಜನ ನಾಲ್ಕು ಥರ ಹೇಳುವ ಹಾಗೆ ಬರೆದು ನೋಡಿ.

ಇನ್ನು ಕಾಲ. ಕಥೆಯೊಳಗಿನ ಲೆಕ್ಕದಲ್ಲಿ 1891ರ ಮೇ ತಿಂಗಳಿಗೆ ಅವನ ಕಥೆ ಮುಗಿಯಿತು. ಅದಕ್ಕೂ ಮೊದಲಿನ ವರ್ಷಗಳು ಬೇಕಾದಷ್ಟು ಖಾಲಿ ಇವೆ, ಸುಮ್ನೆ ಅವನನ್ನು ಜಲಪಾತದಿಂದ ಎಬ್ಬಿಸಿ ತರುವ ಅಗತ್ಯ ಇಲ್ಲ.