ನಾಟಾ (ಮರಮುಟ್ಟು) ಕೇಸಿನಲ್ಲಿ ಸಿಕ್ಕ ಪಿಕಪ್ ಬಿಡಿಸಿಕೊಳ್ಳುವ ವಿಚಾರ

ಹೆಗಡೇರೇ, ಬಾಡಿಗೆಗೆ ಬಿಟ್ಟ ನಿಮ್ಮ ಪಿಕಪ್ಪಿನಲ್ಲಿ ಡ್ರೈವರ್ ರಾತ್ರಿ ನಾಟಾ ಹೇರಿಕೊಂಡು ಹೋಗಿ ಶಿರಸಿ ಹತ್ತಿರ ಅರಣ್ಯದವರ ಕೈಗೆ ಸಿಕ್ಕಿದ್ದಾನೆ, ಗಾಡಿ ಬಿಡಿಸೋದು ಹೇಗೆ ಅಂತ ಕೇಳಿದ್ರಿ. ನಿಮಗೆ ಇಲ್ಲಿ ಉತ್ತರಿಸಿದ ಇಬ್ಬರು "ಕೋರ್ಟಿಗೆ ಅರ್ಜಿ ಹಾಕಿ ಬಾಂಡ್ ಬರೆದುಕೊಟ್ರೆ ವಾರದಲ್ಲಿ ಗಾಡಿ ಮನೆಗೆ" ಅಂದಿದ್ದಾರೆ. ಅದು ಪೊಲೀಸ್ ಕೇಸಿನ ಲೆಕ್ಕ. ಹಿಡಿದ ಗಾಡಿಗಳನ್ನು ಠಾಣೆ ಅಂಗಳದಲ್ಲಿ ಕೊಳೆಹಾಕಬೇಡಿ ಎಂದು ಸುಪ್ರೀಂ ಕೋರ್ಟ್ 2002ರಲ್ಲಿ ಸುಂದರಭಾಯಿ ದೇಸಾಯಿ ಪ್ರಕರಣದಲ್ಲಿ ಹೇಳಿದ್ದು ಹೌದು. ಆದರೆ ಅರಣ್ಯ ಕೇಸಿನ ಗಾಡಿಯನ್ನು ಎಲ್ಲ ವಿಚಾರಣೆ ಮುಗಿಯುವ ತನಕ ಸಾಮಾನ್ಯವಾಗಿ ಬಿಡಬಾರದು, ಬಿಟ್ಟರೂ ಕನಿಷ್ಠ ಬ್ಯಾಂಕ್ ಗ್ಯಾರಂಟಿ ಬೇಕು ಎಂದು ಅದೇ ಕೋರ್ಟು 2000ದಲ್ಲಿ, ಕರ್ನಾಟಕದ್ದೇ ಕೆ. ಕೃಷ್ಣನ್ ಪ್ರಕರಣದಲ್ಲಿ ಹೇಳಿಯಾಗಿದೆ.

ಡ್ರೈವರ್ ಮೇಲಿನ ಕೇಸು ಬಿದ್ದುಹೋದರೆ ಗಾಡಿ ತಾನಾಗಿ ಬರ್ತದೆ ಅಂತಲೂ ಕೂರಬೇಡಿ. 1963ರ ಕರ್ನಾಟಕ ಅರಣ್ಯ ಕಾಯ್ದೆಯ 71-ಎ ಕಲಮಿನ ಮುಟ್ಟುಗೋಲು ವಿಚಾರಣೆ ಪೂರ್ತಿ ಬೇರೆ. ನಡೆಸುವವರು ಮ್ಯಾಜಿಸ್ಟ್ರೇಟರಲ್ಲ, ಎಸಿಎಫ್ (ಸಹಾಯಕ ಅರಣ್ಯ ಸಂರಕ್ಷಣಾಧಿಕಾರಿ) ಅಥವಾ ಅವರಿಗಿಂತ ಮೇಲಿನ ಅರಣ್ಯಾಧಿಕಾರಿ. ಹಿಡಿದವರೂ ಅರಣ್ಯ ಇಲಾಖೆಯವರೇ, ತೀರ್ಮಾನ ಮಾಡುವವರೂ ಅವರೇ. ನನಗಂತೂ ಇದು ಸರಿಕಾಣುವುದಿಲ್ಲ, ಆದರೆ ಈಗ ನಿಮ್ಮ ಕೆಲಸ ಆ ಜಗಳವಲ್ಲ.

ಆದೇಶಕ್ಕೆ ಮೊದಲು ನಿಮಗೆ ಲಿಖಿತ ನೋಟಿಸು ಬರಲೇಬೇಕು. ಅದಕ್ಕೆ ಕೊಡುವ ಉತ್ತರದಲ್ಲೇ ಎಲ್ಲ ಇದೆ. "ನಂಗೆ ಗೊತ್ತೇ ಇರಲಿಲ್ಲ" ಅಂದರೆ ಸಾಲದು. ಹಾಗಾಗದಂತೆ ತಕ್ಕ ಎಚ್ಚರಿಕೆ ವಹಿಸಿದ್ದೆ ಅಂತ ತೋರಿಸುವ ಹೊಣೆಯೂ ಮಾಲೀಕನದ್ದೇ. ತೊಡಕಿನ ಜಾಗ ಇನ್ನೊಂದಿದೆ: ಗಾಡಿ ವಹಿಸಿಕೊಂಡವನಿಗೂ ಗೊತ್ತಿರಬಾರದು ಎಂದು ಕಾಯ್ದೆ ಕೇಳುತ್ತದೆ, ನಿಮ್ಮ ಕೇಸಿನಲ್ಲಿ ಹಾಗೆ ವಹಿಸಿಕೊಂಡ ಡ್ರೈವರೇ ಆರೋಪಿ. ಹಾಗಾಗಿ ಈ ಉತ್ತರವನ್ನು ನೀವೇ ಗೀಚಿ ಕೊಡಬೇಡಿ, ಅರಣ್ಯ ಕೇಸು ನಡೆಸಿ ಗೊತ್ತಿರುವ ವಕೀಲರಿಂದ ಬರೆಸಿ. ಬಾಡಿಗೆ ಮಾತಾಡಿದ ವಾಟ್ಸಾಪ್, ಹಣ ಬಂದ ಫೋನ್‌ಪೇ ದಾಖಲೆ, ಏನು ಸಾಗಿಸಲು ಎಂದು ಹೇಳಿದ್ದರು, ಜಿಪಿಎಸ್ ಇದ್ದರೆ ಅದರ ಓಡಾಟ, ಆರ್‌ಸಿ, ಇನ್ಶೂರೆನ್ಸ್ ಎಲ್ಲವನ್ನೂ ಇವತ್ತೇ ಒಟ್ಟುಮಾಡಿ. ಫೋನು ಬದಲಿಸಿದರೆ ಹಳೇ ಮೆಸೇಜು ಹೋದವು ಅಂತಲೇ ಲೆಕ್ಕ.

ಪಂಚನಾಮೆ ಪ್ರತಿ ಕೇಳಿ ಪಡೆಯಿರಿ. ಟೈರು, ಸ್ಟೆಪ್ನಿ, ಬ್ಯಾಟರಿ, ಕಿಲೋಮೀಟರ್ ಓದು ಬರೆದಿದ್ದಾರಾ ನೋಡಿ, ಬಿಟ್ಟಿದ್ದರೆ ಲಿಖಿತವಾಗಿ ತಿಳಿಸಿ ಸ್ವೀಕೃತಿ ತಗೊಳ್ಳಿ. ಖಾಲಿ ಹಾಳೆಗೆ ಸಹಿ ಬೇಡ. ನಾಟಾ ಯಾರದೋ ಸೊಪ್ಪಿನ ಬೆಟ್ಟದ್ದು (ಅಡಿಕೆ ತೋಟಕ್ಕೆ ಸೊಪ್ಪು ತರಲು ಬಿಟ್ಟ ಕಾಡು) ಎಂಬ ವಾದ ಎತ್ತಲೂಬೇಡಿ. ಆ ಬೆಟ್ಟದ ಸವಲತ್ತು ಸೊಪ್ಪು, ದರಕಿಗೆ (ಒಣ ಎಲೆ), ನಾಟಾಕ್ಕಲ್ಲ.

ಸಾಲದ ಗಾಡಿಯಾದರೆ ಕಂತು ನಿಲ್ಲಿಸಬೇಡಿ, ಗಾಡಿ ಅರಣ್ಯ ಡಿಪೋದಲ್ಲಿದ್ದರೂ ಬಡ್ಡಿ ಓಡುತ್ತಲೇ ಇರ್ತದೆ. ಮುಟ್ಟುಗೋಲು ಆದೇಶವೇ ಬಂದರೆ ಸೆಷನ್ಸ್ ನ್ಯಾಯಾಧೀಶರಲ್ಲಿ ಮೇಲ್ಮನವಿಗೆ 30 ದಿನ ಸಮಯ. ಅಡಿಕೆ ಕೊನೆಕೊಯ್ಲಿನ ಗಡಿಬಿಡಿಯಲ್ಲಿ ಆ ತಾರೀಕು ತಪ್ಪಿಸಿಕೊಳ್ಳಬೇಡಿ. ನೋಟಿಸು ಕೈಗೆ ಬಂದಮೇಲೆ ಹೆಸರು, ನಂಬರು ಮುಚ್ಚಿ ಇಲ್ಲೇ ಹಾಕಿ, ನೋಡುವ.